ಸಂಜೆ ಏಳಾದರೆ ಮನೆಯಲ್ಲಿ ಬಿರುಗಾಳಿ: ನಾಲ್ಕು ತಿಂಗಳ ಮುಧೋಳ ಮರಿಗೆ ಏನಾಗಿದೆ?

ಪ್ರಶ್ನೆ: ಡಾಕ್ಟ್ರೇ, ನಾವು ಬಾಗಲಕೋಟೆಯ ನವನಗರದವರು. ಮನೆಯಲ್ಲಿ ನಾನು, ನಮ್ಮನೆಯವರು, ಅತ್ತೆ, ಒಂಬತ್ತು ವರ್ಷದ ಮಗಳು. ಮುಧೋಳ ಹತ್ತಿರದ ಒಂದು ಹಳ್ಳಿಯಿಂದ ಮುಧೋಳ ನಾಯಿಯ ಗಂಡು ಮರಿ ತಂದಿದ್ದೇವೆ. ಹೆಸರು ರಾಜಾ. ತಂದಾಗ ಅದಕ್ಕೆ 35 ದಿನ. ಸಣ್ಣದಿದ್ದಾಗ ತಂದರೆ ಮನೆಗೆ ಬೇಗ ಹೊಂದುತ್ತದೆ ಅಂದಿದ್ದರು. ಈಗ ನಾಲ್ಕು ತಿಂಗಳು. ಅದೇ ತಾಯಿಯ ಹೆಣ್ಣು ಮರಿಯನ್ನು ಜಮಖಂಡಿಯ ನನ್ನ ಗೆಳತಿ ತಂದಳು. ಅವಳ ಮನೆಯಲ್ಲಿ ಮದುವೆ ಇತ್ತು, ಹಾಗಾಗಿ ಎರಡು ತಿಂಗಳಾದ ಮೇಲೆ ತಂದಳು. ನಾವಿಬ್ಬರು, ವಿಜಯಪುರದ ಇನ್ನೊಬ್ಬ ಗೆಳತಿ, ಮೂವರೂ ಕಾಲೇಜಿನಿಂದ ಜೊತೆ. ದಿನಾ ರಾತ್ರಿ ಫೋನಿನಲ್ಲಿ ಮಾತಾಡುತ್ತೇವೆ. ಮೊದಲು ಮಕ್ಕಳ ಓದು, ಅಡುಗೆ, ಊರ ಸುದ್ದಿ ಇರುತ್ತಿತ್ತು. ಈಗ ಬರೀ ಮರಿಗಳ ಸುದ್ದಿ. ಜಮಖಂಡಿಯವಳ ಮರಿ ಮೋತಿ ಹೇಳಿದ ಕಡೆ ಕೂರುತ್ತಂತೆ, ಕರೆದರೆ ಬರುತ್ತಂತೆ. ನಮ್ಮ ರಾಜಾ ಸಂಜೆ ಏಳಾದರೆ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಹುಚ್ಚು ಹಿಡಿದ ಹಾಗೆ ಓಡುತ್ತಾನೆ. ಅತ್ತೆಯ ಇಳಕಲ್ ಸೀರೆಯ ಸೆರಗು ಹರಿದಿದ್ದಾನೆ. ಹೋದ ವಾರ ಮಗಳ ಕೈಗೆ ಹಲ್ಲು ತಾಗಿ ರಕ್ತ ಬಂತು. ಅರಿಶಿನ ಹಚ್ಚಿದೆವು. ಎರಡು ಇಂಜೆಕ್ಷನ್ ಆಗಿವೆ, ಹುಚ್ಚುನಾಯಿ ರೋಗದ್ದು ಇನ್ನೂ ಆಗಿಲ್ಲ. "ಮೂಗಿನ ಮ್ಯಾಲ ಎರಡು ಬಿಗಿ, ಸುಮ್ಮನಾಗ್ತೈತಿ" ಅಂತ ಜಮಖಂಡಿಯವಳು. "ಒಣದ್ರಾಕ್ಷಿ ಕೊಟ್ಟು ಮಾತು ಕಲಿಸು, ನಾನು ಕಳಿಸ್ತೀನಿ" ಅಂತ ವಿಜಯಪುರದವಳು, ಅವರದು ದ್ರಾಕ್ಷಿ ತೋಟ. ಬೈಕಿನ ಹಿಂದೆ ಓಡಿಸಿದರೆ ದಣಿಯುತ್ತೆ ಅಂತ ನಮ್ಮನೆಯವರು. ಮೊಟ್ಟೆ ನಿಲ್ಲಿಸು, ಸೊಕ್ಕು ಇಳಿಯುತ್ತೆ ಅಂತ ಅತ್ತೆ. ಯಾವುದೂ ಆಗದಿದ್ದರೆ ಹೊಲದಲ್ಲಿ ಕಟ್ಟಿ ಬರೋಣ ಅಂತಿದ್ದಾರೆ. ನಮ್ಮ ಮರಿಯ ಸ್ವಭಾವವೇ ಕೆಟ್ಟದ್ದಾ? ನಾವೇ ಏನಾದರೂ ತಪ್ಪು ಮಾಡಿದ್ವಾ?

ಉತ್ತರ: ರಾಜಾನ ವಿಷಯ ನಿಧಾನವಾಗಿ ಮಾತಾಡೋಣ. ಅದಕ್ಕಿಂತ ಮೊದಲು ಎರಡು ಕೆಲಸ ಇವತ್ತೇ ಆಗಬೇಕು.

ಒಂದು, ಮಗಳ ಕೈ. ರಕ್ತ ಬಂದು ವಾರ ಆಗಿದ್ದರೂ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮರಿ ಹಳ್ಳಿಯಿಂದ ಬಂದದ್ದು, ಅದಕ್ಕೆ ರೇಬೀಸ್ ಲಸಿಕೆ ಆಗಿಲ್ಲ ಅನ್ನೋದನ್ನು ವೈದ್ಯರಿಗೆ ಬಿಡಿಸಿ ಹೇಳಿ. "ಸಣ್ಣ ಮರಿ ಅಲ್ವಾ, ಅದಕ್ಕೆಲ್ಲಿಂದ ಹುಚ್ಚು" ಅನ್ನುವ ಮಾತನ್ನು ನಾನು ವರ್ಷವಿಡೀ ಕೇಳುತ್ತೇನೆ. ರೇಬೀಸ್ ವಯಸ್ಸು ನೋಡುವುದಿಲ್ಲ, ಮರಿಗಳಿಗೂ ಬರುತ್ತದೆ. ರಾಜಾನಿಗೆ ಬಂದಿದೆ ಅಂತ ನಾನು ಹೇಳುತ್ತಿಲ್ಲ, ನೀವು ಬರೆದದ್ದು ನೋಡಿದರೆ ಅವನು ಗಟ್ಟಿಮುಟ್ಟಾಗಿಯೇ ಇದ್ದಾನೆ. ಆದರೆ ಈ ರೋಗದ ಲಕ್ಷಣ ಮನುಷ್ಯರಲ್ಲಿ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ದಾರಿ ಇಲ್ಲ. ಹಾಗಾಗಿ ಊಹೆಯ ಮೇಲೆ ಕೂರುವುದು ಬೇಡ. ಸೂಜಿ ಬೇಕೋ ಬೇಡವೋ, ಎಷ್ಟು ಬೇಕು, ವೈದ್ಯರು ನಿರ್ಧರಿಸಲಿ. ಇನ್ನು ಮುಂದೆ ಹಲ್ಲು ತಾಗಿ ಚರ್ಮ ತರಚಿದರೂ ಸರಿ, ಮೊದಲು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, 15 ನಿಮಿಷ ಅಂದರೆ ಜಾಸ್ತಿ ಹೊತ್ತು. ಅರಿಶಿನ, ಸುಣ್ಣ, ಖಾರದಪುಡಿ ಏನೂ ಬೇಡ. ರಾಜಾನಿಗೂ ಇದೇ ವಾರ ರೇಬೀಸ್ ಲಸಿಕೆ ಹಾಕಿಸಿ. ಮೂರು ತಿಂಗಳಿಗೇ ಹಾಕಿಸಬಹುದಿತ್ತು. ಆಗ ಅವನ ಹಳೆಯ ಚೀಟಿಯನ್ನೂ ತೋರಿಸಿ. ಮರಿಗಳ ಜೀವ ತೆಗೆಯುವ ಪಾರ್ವೊ, ಡಿಸ್ಟೆಂಪರ್ ರೋಗಗಳ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ಕೊಡುತ್ತೇವೆ. ಎರಡು ಆಗಿವೆ ಅಂದಿದ್ದೀರಿ, ಕೊನೆಯದು ಬಾಕಿ ಇರಬಹುದು.

ಎರಡು, ಒಣದ್ರಾಕ್ಷಿ. ಒಂದು ಕಾಳೂ ಕೊಡಬೇಡಿ. ನಿಮ್ಮ ಗೆಳತಿ ಪ್ರೀತಿಯಿಂದಲೇ ಹೇಳಿದ್ದಾರೆ. ವಿಜಯಪುರದ ತೋಟದ ಮನೆಯಲ್ಲಿ ಕೈಗೆ ಸಿಗುವ ಸಿಹಿ ಅಂದರೆ ಅದೇ ಅಲ್ವಾ. ಆದರೆ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ವಿಷ. ಕೆಲವು ನಾಯಿಗಳು ಒಂದು ಹಿಡಿ ತಿಂದರೂ ಏನೂ ಆಗುವುದಿಲ್ಲ, ಕೆಲವು ನಾಲ್ಕೈದು ಕಾಳಿಗೇ ಕೆಡುತ್ತವೆ. ಇಷ್ಟು ಕೊಟ್ಟರೆ ಅಪಾಯ ಇಲ್ಲ ಅಂತ ಹೇಳಲು ಯಾವ ಡಾಕ್ಟರಿಗೂ ಲೆಕ್ಕ ಸಿಕ್ಕಿಲ್ಲ. ಮೊದಲ ದಿನ ವಾಂತಿ, ಮಂಕು. ಎರಡು ಮೂರು ದಿನಕ್ಕೆ ಮೂತ್ರವೇ ನಿಲ್ಲುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಅನ್ನುವುದು ಈಚೆಗೆ ಬಲವಾಗಿರುವ ಅನುಮಾನ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ, ಹಾಗಾಗಿ ಹುಣಸೆ ಬುಟ್ಟಿಯನ್ನೂ ಎತ್ತರದಲ್ಲಿಡಿ. ಅಮೀನಗಡದ ಕರದಂಟು ಮನೆಯಲ್ಲಿದ್ದರೆ ಅದರಲ್ಲೂ ಒಣದ್ರಾಕ್ಷಿ ಇರಬಹುದು, ಅದನ್ನೂ ಮರಿಯ ಬಾಯಿಗೆ ಹಾಕಬೇಡಿ. ಈಗಾಗಲೇ ತಿಂದಿದ್ದರೆ, ಅಥವಾ ಮುಂದೆ ಕದ್ದು ತಿಂದರೆ, ವಾಂತಿ ಬರುವವರೆಗೆ ಕಾಯಬೇಡಿ. ತಿಂದ ಎರಡು ತಾಸಿನೊಳಗೆ ತಂದರೆ ನಾವು ವಾಂತಿ ಮಾಡಿಸಿ ಹೊರಗೆ ತೆಗೆಯಬಹುದು. ಮನೆಯಲ್ಲಿ ಉಪ್ಪುನೀರು ಕುಡಿಸುವುದು ಬೇಡ, ಅದೇ ಇನ್ನೊಂದು ವಿಷವಾಗುತ್ತದೆ. ಈ ಮಾತನ್ನು ಇವತ್ತು ರಾತ್ರಿಯ ಫೋನಿನಲ್ಲಿ ಮೂವರೂ ಹಂಚಿಕೊಳ್ಳಿ. ಮೋತಿಗೂ ವಿಜಯಪುರದವರು ಒಣದ್ರಾಕ್ಷಿ ಕಳಿಸಿರಬಹುದು.

ಈಗ ರಾಜಾನಿಗೆ ಬರೋಣ.

ನೀವು ಕೇಳಿದ್ದು ಸ್ವಭಾವ ಕೆಟ್ಟದ್ದಾ ಅಂತ. ಅಲ್ಲ. ಸಿಟ್ಟಿನ ನಾಯಿ ಓಡಾಡುತ್ತಾ, ಬಾಲ ಆಡಿಸುತ್ತಾ, ಕಾಲಿಗೆ ಬಂದು ಸೆರಗು ಎಳೆಯುವುದಿಲ್ಲ. ಸಿಟ್ಟು ಬಂದ ನಾಯಿ ಮೊದಲು ಕಲ್ಲಾಗುತ್ತದೆ. ಮೈ ಬಿಗಿಯಾಗುತ್ತದೆ, ಬಾಲ ನಿಲ್ಲುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ, ಆಮೇಲೆ ಗುರ್ ಅನ್ನುತ್ತದೆ. ತಟ್ಟೆಯ ಹತ್ತಿರ ಹೋದಾಗ ರಾಜಾ ಹೀಗೆ ಕಲ್ಲಾದರೆ ಅದು ಬೇರೆ ಮಾತು, ಆಗ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ನೀವು ಬರೆದದ್ದರಲ್ಲಿ ಅಂಥದ್ದು ಒಂದೂ ಇಲ್ಲ.

ಹಾಗಾದರೆ ಏನು? ಹೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ಅವನಿಗೆ ನಿದ್ದೆ ಸಾಲುತ್ತಿಲ್ಲ.

ನಿಮ್ಮ ಮಗಳು ಎರಡು ವರ್ಷದವಳಿದ್ದಾಗ ನೆನಪಿಸಿಕೊಳ್ಳಿ. ಮಧ್ಯಾಹ್ನದ ನಿದ್ದೆ ತಪ್ಪಿದ ದಿನ ಸಂಜೆ ಏನು ಮಾಡುತ್ತಿದ್ದಳು? ಮಲಗುತ್ತಿದ್ದಳಾ? ಇಲ್ಲ, ಹಟ ಮಾಡುತ್ತಿದ್ದಳು. ಊಟ ಬೇಡ, ಗೊಂಬೆ ಬೇಡ, ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಮರಿಯೂ ಕೂಸೇ. ಈ ವಯಸ್ಸಿನ ನಾಯಿಮರಿ ದಿನಕ್ಕೆ 18 ತಾಸಿನಷ್ಟು ಮಲಗಬೇಕು. ಕೇಳಿದರೆ ಜಾಸ್ತಿ ಅನ್ನಿಸುತ್ತದೆ. ಆದರೆ ನಿಮ್ಮ ಮನೆಯ ದಿನ ನೋಡಿ. ಬೆಳಿಗ್ಗೆ ಶಾಲೆಯ ಗಡಿಬಿಡಿ, ಹಾಲಿನವನು, ತರಕಾರಿ ಗಾಡಿ, ಮಧ್ಯಾಹ್ನ ಟಿವಿ, ನಾಲ್ಕು ಗಂಟೆಗೆ ಮಗಳು ಮತ್ತು ಅವಳ ಗೆಳತಿಯರು. ಕಣ್ಣು ಮುಚ್ಚಿದಾಗಲೆಲ್ಲ ಯಾರೋ ಒಬ್ಬರು "ಎಷ್ಟು ಮುದ್ದಾಗಿ ಮಲಗಿದಾನ ನೋಡ" ಅಂತ ತಲೆ ಸವರುತ್ತಾರೆ. ಸಂಜೆ ಏಳರ ಹೊತ್ತಿಗೆ ಅವನು ದಣಿದು ದಣಿದು, ದಣಿವೇ ತಲೆಗೇರಿರುತ್ತದೆ. ಆಮೇಲೆ ಓಟ, ಕಡಿತ. ಕ್ಲಿನಿಕ್ಕಿಗೆ ಬರುವ ಮರಿಗಳ ಮನೆಯವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು: ದಿನಕ್ಕೆ ಎಷ್ಟು ಹೊತ್ತು ಮಲಗುತ್ತೆ? ಮುಕ್ಕಾಲು ಪಾಲು ಜನರಿಗೆ ಉತ್ತರ ಗೊತ್ತಿರುವುದಿಲ್ಲ. ಎಷ್ಟು ತಿನ್ನುತ್ತೆ ಅನ್ನೋದು ಮಾತ್ರ ಗೊತ್ತಿರುತ್ತದೆ.

ಇದರ ಜೊತೆಗೆ ಇನ್ನೂ ಮೂರು ಸಂಗತಿ ಕೂಡಿವೆ.

ಹಲ್ಲು. ಮರಿಗೆ 28 ಹಾಲುಹಲ್ಲು ಇರುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಅವು ಬೀಳಲು ಶುರು, ಆರೇಳು ತಿಂಗಳಿಗೆ 42 ಗಟ್ಟಿ ಹಲ್ಲು ಬಂದಿರುತ್ತವೆ. ಒಂದು ದಿನ ಕಸ ಗುಡಿಸುವಾಗ ಅಕ್ಕಿಕಾಳಿನಂಥದ್ದು ಸಿಕ್ಕರೆ ಗಾಬರಿ ಬೇಡ, ಅದು ಹಲ್ಲು. ಹೆಚ್ಚಿನವನ್ನು ಅವು ನುಂಗಿಯೇ ಬಿಡುತ್ತವೆ. ಒಸಡು ನೋಯುತ್ತದೆ, ಕಡಿದರೆ ಹಿತ ಅನ್ನಿಸುತ್ತದೆ. ಮಂಚದ ಕಾಲಾದರೂ ಸರಿ, ನಿಮ್ಮ ಕಾಲಾದರೂ ಸರಿ.

ತಳಿ. ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆ ಆಡುವ ನಾಯಿ. ಬಯಲಲ್ಲಿ ಮೊಲ ಮಿಸುಕಿದರೆ ಸಾಕು, ಅದರ ಕಾಲು ತಾನೇ ಓಡುತ್ತದೆ. ನಮ್ಮ ಹಿರಿಯರು ಅದನ್ನು ಸಾಕಿದ್ದೇ ಅದಕ್ಕೆ. ಈಗ ನಿಮ್ಮ ಅತ್ತೆಯವರು ಪಡಸಾಲೆಯಲ್ಲಿ ನಡೆದು ಹೋಗುವುದನ್ನು ರಾಜಾನ ಎತ್ತರದಿಂದ ನೋಡಿ. ನೆಲದಿಂದ ಒಂದು ಗೇಣು ಮೇಲೆ ಕೆಂಪು ಸೆರಗಿನ ತುದಿ ಅತ್ತಿತ್ತ ಅಲುಗುತ್ತಾ ಮುಂದೆ ಹೋಗುತ್ತಿದೆ. ಅವನಿಗೆ ಅದು ಸೀರೆಯಲ್ಲ, ಓಡುವ ಮೊಲ. ಅತ್ತೆ "ಹಚಾ" ಅಂತ ಕಿರುಚಿ ಸೆರಗು ಎಳೆದುಕೊಂಡಾಗ ಮೊಲ ಇನ್ನೂ ಜೋರಾಗಿ ಓಡಿದ ಹಾಗೆ. ಮಗಳು ಕೂಗುತ್ತಾ ಕೈ ಮೇಲೆತ್ತಿ ಓಡಿದಾಗಲೂ ಅಷ್ಟೇ.

ಮೂರನೆಯದು 35 ದಿನ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಮನಸ್ಸನ್ನು ಕೊರೆಯುತ್ತಿರುವ "ಮೋತಿ ಯಾಕೆ ಹಾಗಲ್ಲ" ಅನ್ನೋ ಪ್ರಶ್ನೆಗೆ ಬಹುಪಾಲು ಉತ್ತರ ಇಲ್ಲೇ ಇದೆ. ವರ್ಷಗಳ ಹಿಂದೆ ಮುಧೋಳ ತಾಲ್ಲೂಕಿನ ಒಂದು ತೋಟದ ಮನೆಗೆ ಜಂತಿನ ಔಷಧಿ ಕೊಡಲು ಹೋಗಿದ್ದೆ. ಆರು ವಾರದ ಐದು ಮರಿಗಳು. ಕೊಟ್ಟಿಗೆಯ ಬದಿಯಲ್ಲಿ ತಾಯಿ ಮಲಗಿತ್ತು. ಮರಿಗಳು ಹಾಲು ಕುಡಿಯುತ್ತಿದ್ದವು. ಒಂದು ಮರಿ ಜೋರಾಗಿ ಕಚ್ಚಿತು. ತಾಯಿ ಬೊಗಳಲಿಲ್ಲ, ಹೊಡೆಯಲಿಲ್ಲ. ಎದ್ದು ನಿಂತಿತು, ಮರಿಗಳು ಪಟಪಟ ಕೆಳಗೆ ಬಿದ್ದವು, ತಾಯಿ ನಾಲ್ಕು ಹೆಜ್ಜೆ ನಡೆದು ಹೋಗಿ ಬೇರೆ ಕಡೆ ಮಲಗಿತು. ಐದು ನಿಮಿಷ ಯಾರಿಗೂ ಹಾಲಿಲ್ಲ. ಮರಿಗಳು ಹಿಂದೆಯೇ ಹೋದವು. ಈ ಸಲ ಆ ಮರಿ ಮೆತ್ತಗೆ ಬಾಯಿ ಹಾಕಿತು. ಆಮೇಲೆ ತಮ್ಮ ತಮ್ಮಲ್ಲೇ ಆಟ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಕೂಗಿ ಆಟ ಬಿಟ್ಟು ಹೋಗುತ್ತಿತ್ತು. ಎಷ್ಟು ಜೋರು ಕಚ್ಚಿದರೆ ನೋವು ಅನ್ನೋ ಪಾಠ ಮರಿಗೆ ಸಿಗುವುದು ಹೀಗೆ, ಐದನೇ ವಾರದಿಂದ ಎಂಟನೇ ವಾರದೊಳಗೆ. ಮೋತಿಗೆ ಆ ಪಾಠ ಪೂರ್ತಿ ಸಿಕ್ಕಿತು. ರಾಜಾ ಪಾಠ ಶುರುವಾಗುವ ಹೊತ್ತಿಗೆ ನಿಮ್ಮ ಮನೆಯಲ್ಲಿದ್ದ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ಕೇಂದ್ರದ ನಿಯಮದಲ್ಲೇ ಇದೆ. ಆದರೂ ನಮ್ಮ ಕಡೆ ಕಣ್ಣು ಬಿಟ್ಟು ನಾಲ್ಕು ದಿನಕ್ಕೆಲ್ಲ ಮರಿ ಕೊಟ್ಟುಬಿಡುತ್ತಾರೆ. ನೀವು ಕೇಳಿದ ಎರಡನೇ ಪ್ರಶ್ನೆಗೆ, ತಪ್ಪು ಮಾಡಿದ್ವಾ ಅನ್ನೋದಕ್ಕೆ, ನನ್ನ ಉತ್ತರ ಇದು: ಬೇಗ ತಂದದ್ದು ತಪ್ಪಾಯಿತು, ಆದರೆ ನಿಮಗೆ ಹಾಗೆಯೇ ಹೇಳಿದ್ದರು, ನೀವು ನಂಬಿದಿರಿ. ಪಾಠ ತಡವಾಗಿದೆ ಅಷ್ಟೇ, ತಪ್ಪಿಹೋಗಿಲ್ಲ. ಈಗ ಆ ತಾಯಿಯ ಕೆಲಸ ನೀವು ಮಾಡಬೇಕು.

ಅದಕ್ಕೆ ಮೊದಲು ನಿಮಗೆ ಸಿಕ್ಕಿರುವ ಸಲಹೆಗಳನ್ನು ನೋಡೋಣ.

ಮೂಗಿನ ಮೇಲೆ ಹೊಡೆಯುವುದು. ಕೆಲವು ಮರಿ ಸುಮ್ಮನಾಗುತ್ತವೆ, ನಿಜ. ಹೆದರಿ ಸುಮ್ಮನಾಗುತ್ತವೆ. ಆಮೇಲೆ ಮುಖದ ಹತ್ತಿರ ಕೈ ಬಂದರೆ ಹಿಂದೆ ಸರಿಯುತ್ತವೆ. ವರ್ಷ ತುಂಬಿದ ಮೇಲೆ ಕೆಲವು ಹಿಂದೆ ಸರಿಯುವುದನ್ನೂ ಬಿಡುತ್ತವೆ, ನೇರವಾಗಿ ಕಚ್ಚುತ್ತವೆ. ಕಿವಿ ನೋಡಲು ಕೈ ಹಾಕಿದರೆ ಎಗರುವ ನಾಯಿಗಳ ಹಿಂದೆ ಇಂಥ ಕಥೆ ನನಗೆ ಎಷ್ಟೋ ಸಲ ಸಿಕ್ಕಿದೆ. ಗುರ್ ಅಂದಾಗ ಹೊಡೆಯುವುದಂತೂ ಬೇಡವೇ ಬೇಡ. ಗುರ್ ಅನ್ನುವುದು ಅದರ ಎಚ್ಚರಿಕೆಯ ಗಂಟೆ. ಗಂಟೆ ಕಿತ್ತರೆ ಮುಂದೆ ಸದ್ದಿಲ್ಲದೆ ಕಚ್ಚುತ್ತದೆ. ಮಂಚದ ಕಾಲಿಗೆ ಖಾರದಪುಡಿ ಹಚ್ಚುವುದನ್ನೂ ಕೆಲವರು ಹೇಳುತ್ತಾರೆ. ಅದು ಕಣ್ಣಿಗೆ ಹೋಗಿ ಉಜ್ಜಿಕೊಂಡು ಗಾಯ ಮಾಡಿಕೊಂಡ ಮರಿಗಳನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಮೊಟ್ಟೆ, ಮಾಂಸ ತಿಂದರೆ ಸೊಕ್ಕು ಬರುತ್ತದೆ ಅನ್ನೋದು ಸುಳ್ಳು. ನಮ್ಮ ಕಡೆಯ ಮರಿಗಳ ತೊಂದರೆ ಉಲ್ಟಾ. ಹಾಲು, ರೊಟ್ಟಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಜೋಳದ ರೊಟ್ಟಿ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಬೆಳೆಯುವ ಮೈಗೆ ಬೇಯಿಸಿದ ಮೊಟ್ಟೆ, ಕೋಳಿ, ಬೇಳೆ ಬೇಕು, ಇಲ್ಲವೇ ಒಳ್ಳೆಯ ಮರಿ ಆಹಾರ. ದಿನಕ್ಕೆ ಮೂರು ಹೊತ್ತು. ಹಾಲು ಕೆಲವಕ್ಕೆ ಭೇದಿ ಮಾಡಿಸುತ್ತದೆ, ಮೊಸರು ವಾಸಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತ ಕೆಡಿಸುತ್ತವೆ, ಆದ್ದರಿಂದ ರೊಟ್ಟಿಗೆ ಸವರಿದ ಶೇಂಗಾ ಚಟ್ನಿ ಬೇಡ. ಬೇಯಿಸಿದ ಎಲುಬೂ ಬೇಡ, ಸೀಳಿ ಕರುಳಿಗೆ ಚುಚ್ಚುತ್ತದೆ. ಪಕ್ಕೆಲುಬು ಒಂದೆರಡು ಕಂಡರೆ ಹೊಟ್ಟೆಗೆ ಹಾಕುತ್ತಿಲ್ಲ ಅಂತ ನೆರೆಹೊರೆಯವರು ಅಂದಾರು. ಮುಧೋಳ ನಾಯಿಯ ಮೈಕಟ್ಟೇ ಹಾಗೆ.

ಬೈಕಿನ ಹಿಂದೆ ಓಡಿಸುವುದು. ಇದಕ್ಕೆ ನಾನು ಖಡಾಖಂಡಿತ ಬೇಡ ಅನ್ನುತ್ತೇನೆ. ಮರಿಯ ಎಲುಬಿನ ತುದಿಗಳಲ್ಲಿ ಬೆಳೆಯುವ ಮೆತ್ತನೆಯ ಭಾಗ ಇರುತ್ತದೆ. ಇಂಥ ಉದ್ದ ಕಾಲಿನ ತಳಿಗಳಲ್ಲಿ ಅದು ಗಟ್ಟಿಯಾಗಲು ವರ್ಷದ ಮೇಲೆ ಬೇಕು. ತಾನಾಗಿ ಆಡುವ ಮರಿ ಸಾಕಾದಾಗ ನಿಲ್ಲುತ್ತದೆ. ಬೈಕಿನ ಹಿಂದಿನ ಮರಿ ನಿಲ್ಲುವ ಹಾಗಿಲ್ಲ, ಎಳೆದುಕೊಂಡು ಹೋಗುತ್ತೀರಿ. ಜೊತೆಗೆ ನಮ್ಮ ಬಿಸಿಲು, ಕಾದ ಡಾಂಬರು. ನಿಮ್ಮ ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ಇಡಲು ಆಗದಿದ್ದರೆ ಅಲ್ಲಿ ಮರಿಯನ್ನು ನಡೆಸಬೇಡಿ. ಇನ್ನೊಂದು ಮಾತು. ದಿನಾ ಓಡಿಸಿದರೆ ಅವನು ಸುಮ್ಮನಾಗುವುದಿಲ್ಲ, ಓಡುವುದರಲ್ಲಿ ಗಟ್ಟಿಯಾಗುತ್ತಾನೆ. ತಿಂಗಳು ಕಳೆದ ಮೇಲೆ ಅದೇ ಏಳು ಗಂಟೆಗೆ ಅದೇ ಓಟ, ಇನ್ನೂ ಜಾಸ್ತಿ ದಮ್ಮಿನಿಂದ.

ಸಂತಾನಹರಣ ಮಾಡಿಸಿದರೆ ತಣ್ಣಗಾಗುತ್ತದೆ ಅಂತಲೂ ನಿಮಗೆ ಯಾರಾದರೂ ಹೇಳಬಹುದು. ಹಲ್ಲು ಬರುವ ವಯಸ್ಸಿನ ಕಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಾಡಿಸುವುದಾದರೆ ಬೆಳವಣಿಗೆ ಮುಗಿದ ಮೇಲೆ, ವರ್ಷ ದಾಟಲಿ. ಆಗ ಇದು ಮುಧೋಳ ನಾಯಿ ಅಂತ ವೈದ್ಯರಿಗೆ ನೆನಪಿಸಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಬಗೆಯ ಬೇಟೆ ನಾಯಿಗಳು ಥಯೋಪೆಂಟಾಲ್‌ನಂಥ ಮತ್ತಿನ ಔಷಧಿಯಿಂದ ಎಚ್ಚರಗೊಳ್ಳಲು ತುಂಬ ಹೊತ್ತು ತೆಗೆದುಕೊಳ್ಳುತ್ತವೆ.

ಇನ್ನು ಮಾಡಬೇಕಾದದ್ದು. ನಿದ್ದೆಯಿಂದ ಶುರು ಮಾಡಿ.

ಮನೆಯಲ್ಲಿ ಓಡಾಟ ಕಡಿಮೆ ಇರುವ ಮೂಲೆ ಹುಡುಕಿ. ಮೆಟ್ಟಿಲ ಕೆಳಗೆ ಜಾಗ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹಳೆಯ ಕೌದಿ ಮಡಚಿ ಹಾಸಿ, ಪಕ್ಕದಲ್ಲಿ ನೀರು ಇಡಿ, ಎದುರಿಗೆ ಒಂದು ಹಲಗೆ ಅಡ್ಡ ಇಡಿ. ಮೊದಲ ಎರಡು ದಿನ ಊಟವನ್ನು ಅಲ್ಲೇ ಕೊಡಿ, ಹಲಗೆ ತೆಗೆದೇ ಇರಲಿ. ಸಿಟ್ಟು ಬಂದಾಗ ಅಲ್ಲಿಗೆ ತಳ್ಳಬೇಡಿ. ಅದು ಅವನ ಮನೆಯಾಗಬೇಕು, ಜೈಲಾಗಬಾರದು. ಲೆಕ್ಕ ಸುಲಭ: ಒಂದು ತಾಸು ಎಚ್ಚರ, ಎರಡು ತಾಸು ನಿದ್ದೆ. ಎಚ್ಚರವಾದ ತಕ್ಷಣ ಹೊರಗೆ ಒಯ್ದು ಮೂತ್ರ, ಆಮೇಲೆ ಊಟ ಅಥವಾ ಆಟ, ಮತ್ತೆ ಮೂಲೆ. ಕೌದಿಯ ಮೇಲೆ ಇದ್ದಾಗ ಯಾರೂ ಮುಟ್ಟಬಾರದು, ಮಗಳೂ ಕೂಡ. ಈ ಒಂದು ನಿಯಮವನ್ನು ಕಾಯುವ ಕೆಲಸ ಅವಳಿಗೇ ಕೊಡಿ. ಮಕ್ಕಳು ಕಾವಲು ಕೆಲಸವನ್ನು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ. ಐದೂವರೆಗೆ ಮಲಗಿಸಿದರೆ ಏಳರ ಬಿರುಗಾಳಿ ಅರ್ಧಕ್ಕೆ ಇಳಿಯುವುದನ್ನು ನೀವೇ ನೋಡುತ್ತೀರಿ.

ಕಡಿತಕ್ಕೆ ಆ ತೋಟದ ಮನೆಯ ತಾಯಿ ಮಾಡಿದ್ದನ್ನೇ ಮಾಡಿ. ಹಲ್ಲು ಚರ್ಮಕ್ಕೆ ತಾಗಿದ ಕ್ಷಣ "ಆಯ್" ಅಂತ ಒಂದು ಸಲ ಹೇಳಿ, ಕೈ ಎಳೆಯದೆ ಸಡಿಲ ಬಿಡಿ, ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಅರ್ಧ ನಿಮಿಷ ಸಾಕು. ಬಂದು ಏನೂ ಆಗದ ಹಾಗೆ ಮುಂದುವರಿಸಿ. ಬೈಯುವುದೂ ಬೇಡ, ಮುದ್ದು ಮಾಡುವುದೂ ಬೇಡ. ಮತ್ತೆ ಕಚ್ಚಿದರೆ ಮತ್ತೆ ಹೋಗಿ. ಮೂರು ಸಲ ಆಯಿತೆಂದರೆ ಅವನಿಗೆ ನಿದ್ದೆ ಬಂದಿದೆ ಅಂತ ಅರ್ಥ, ಮೂಲೆಗೆ ಒಯ್ಯಿರಿ. ಮಗಳಿಗೆ ಮಾತ್ರ ಬೇರೆ ಪಾಠ. ಅವಳು ಓಡಬಾರದು, ಮರದ ಹಾಗೆ ನಿಲ್ಲಬೇಕು, ಕೈ ಕಟ್ಟಿ, ಮೇಲೆ ನೋಡುತ್ತಾ. ಓಡದ ಮೊಲದ ಹಿಂದೆ ಯಾವ ನಾಯಿಯೂ ಬೀಳುವುದಿಲ್ಲ. ಅಲ್ಲಿಯವರೆಗೆ ದೊಡ್ಡವರು ಯಾರಾದರೂ ಇಲ್ಲದೆ ಇಬ್ಬರನ್ನೇ ಬಿಡಬೇಡಿ. ಅತ್ತೆಯವರಿಗೆ ಸಂಜೆ ಹೊತ್ತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿ.

ಒಂದು ಎಚ್ಚರಿಕೆ. ಮೊದಲ ಮೂರು ನಾಲ್ಕು ದಿನ ಕಡಿತ ಜಾಸ್ತಿಯಾಗುತ್ತದೆ. ಇಷ್ಟು ದಿನ ಕಚ್ಚಿದರೆ ಮನೆಯೆಲ್ಲ ಕುಣಿಯುತ್ತಿತ್ತು, ಈಗ ಯಾರೂ ಕುಣಿಯುತ್ತಿಲ್ಲ. ಇನ್ನಷ್ಟು ಜೋರಾಗಿ ಕಚ್ಚಿ ನೋಡೋಣ ಅಂತ ಅವನು ನೋಡುತ್ತಾನೆ. ಹೆಚ್ಚಿನ ಮನೆಯವರು ಕೈಬಿಡುವುದು ಇದೇ ಹೊತ್ತಿಗೆ. ಐದನೇ ದಿನ ದಾಟಿಸಿ.

ಕಡಿಯಲು ಅವನದೇ ಆದ ವಸ್ತು ಕೊಡಿ. ದಪ್ಪ ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಜಡೆಯ ಹಾಗೆ ಹೆಣೆದು ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟು ಕೊಟ್ಟರೆ ಒಸಡಿಗೆ ತಂಪು. ನೀವು ಎದುರಿಗೆ ಕೂತಿದ್ದಾಗ ಮಾತ್ರ ಕೊಡಿ, ಎಳೆ ಕಿತ್ತು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಉದ್ದನೆಯ ಗಜ್ಜರಿಯೂ ನಡೆಯುತ್ತದೆ. ಹಳೆಯ ಚಪ್ಪಲಿ ಮಾತ್ರ ಬೇಡ. ಹಳೆಯದು ಯಾವುದು, ಮೊನ್ನೆ ತಂದದ್ದು ಯಾವುದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ದಿನಕ್ಕೊಂದು ಸಲ ರೊಟ್ಟಿ ಚೂರುಗಳನ್ನು ಗೋಣಿಚೀಲದ ಮಡಿಕೆಯಲ್ಲಿ ಬಚ್ಚಿಟ್ಟು ಹುಡುಕಲು ಬಿಡಿ. ಹತ್ತು ನಿಮಿಷದ ಈ ಹುಡುಕಾಟ ಅರ್ಧ ತಾಸಿನ ಓಟಕ್ಕಿಂತ ಚೆನ್ನಾಗಿ ತಣಿಸುತ್ತದೆ. ಕೊನೆಯ ಲಸಿಕೆಯಾಗಿ ಎರಡು ವಾರ ಕಳೆದ ಮೇಲೆ ಬೆಳಿಗ್ಗೆ ಬಿಸಿಲೇರುವ ಮೊದಲು, ರಾತ್ರಿ ನೆಲ ಆರಿದ ಮೇಲೆ, ಇಪ್ಪತ್ತು ನಿಮಿಷದ ನಡಿಗೆ.

ಸುಮ್ಮನೆ ಕೂತಿದ್ದಾಗ ನೋಡಿ ಹೇಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ಗಲಾಟೆ ಮಾಡಿದಾಗ ನಾಲ್ಕು ಜನ ಹೆಸರು ಹಿಡಿದು ಕೂಗುತ್ತಾರೆ, ಸುಮ್ಮನೆ ಮಲಗಿದ್ದಾಗ ಪುಣ್ಯ ಅಂದುಕೊಂಡು ದೂರ ಹೋಗುತ್ತಾರೆ. ಅವನು ಪಡಸಾಲೆಯಲ್ಲಿ ತಾನಾಗಿ ಕೂತಾಗ ಮೊಟ್ಟೆಯ ಒಂದು ಚೂರು ಎದುರಿಗೆ ಇಟ್ಟು, "ಜಾಣ" ಅಂದು ಹೋಗಿ. ಮೋತಿ ಹೇಳಿದ ಕಡೆ ಕೂರುವುದು ಹೀಗೇ ಬಂದಿರುತ್ತದೆ.

ಇಷ್ಟೂ ಮಾಡಿ ಆರು ವಾರಕ್ಕೆ ಏನೂ ಬದಲಾಗದಿದ್ದರೆ? ಆಗ ಬೇರೆ ದಾರಿಗಳಿವೆ, ಪ್ರತಿಯೊಂದಕ್ಕೂ ಅದರದ್ದೇ ಅಪಾಯ ಇದೆ. ತರಬೇತಿ ಕೊಡುವವರನ್ನು ಕರೆಸಬಹುದು. ಮೊದಲ ದಿನ ನೀವು ಎದುರಿಗೇ ನಿಂತು ನೋಡಿ. ಕುತ್ತಿಗೆ ಬಿಗಿಯುವ ಸರಪಳಿ ತೆಗೆದರೆ, ನೀವು ಒಳಗೆ ಹೋಗಿ ಅಂದರೆ, ಹಣ ಕೊಟ್ಟು ಕಳಿಸಿಬಿಡಿ. ಈ ತಳಿಯ ಬಗ್ಗೆ ಕೇಳಬೇಕೆಂದರೆ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಿಮ್ಮ ಜಿಲ್ಲೆಯಲ್ಲೇ, ಮುಧೋಳ ಹತ್ತಿರದ ತಿಮ್ಮಾಪುರದಲ್ಲಿದೆ. ಜೊತೆಗೆ ಇರಲಿ ಅಂತ ಇನ್ನೊಂದು ಮರಿ ತರುವ ಯೋಚನೆ ಬಂದರೆ ಸದ್ಯಕ್ಕೆ ಬಿಡಿ. ಎರಡು ಮರಿ ಅಂದರೆ ಎರಡರಷ್ಟಲ್ಲ, ನಾಲ್ಕರಷ್ಟು ಕೆಲಸ, ಅವು ನಿಮ್ಮ ಮಾತಿಗಿಂತ ಒಂದಕ್ಕೊಂದರ ಮಾತು ಕೇಳುತ್ತವೆ.

ಹೊಲ. ನಮ್ಮ ಹೊಲದ ನಾಯಿಗಳೆಲ್ಲ ಚೆನ್ನಾಗಿಯೇ ಇವೆಯಲ್ಲ ಅಂತ ನಿಮ್ಮನೆಯವರು ಕೇಳಿಯಾರು. ಅವು ಹುಟ್ಟಿದ್ದೂ ಅಲ್ಲೇ, ಸುತ್ತ ಜನ ಇರುತ್ತಾರೆ. ಮನೆಯೊಳಗೆ ಬೆಳೆದ ನಾಲ್ಕು ತಿಂಗಳ ಮರಿಯನ್ನು ಒಂಟಿಯಾಗಿ ಸರಪಳಿಗೆ ಕಟ್ಟಿ ಬಂದರೆ ಹಾವು ಇದೆ, ಕಬ್ಬಿಗೆ ಹೊಡೆದ ಔಷಧಿ ಇದೆ, ರಕ್ತ ಹೀರುವ ಉಣ್ಣೆ ಹುಳ ಇದೆ, ಬಿಸಿಲಿದೆ. ಅದಕ್ಕಿಂತ ಹೆಚ್ಚಾಗಿ, ದಿನವಿಡೀ ಕಟ್ಟಿದ ಮರಿ ಕಣ್ಣೆದುರು ಓಡಾಡುವ ಎಲ್ಲವನ್ನೂ ನೋಡುತ್ತದೆ, ಮುಟ್ಟಲು ಆಗುವುದಿಲ್ಲ. ಇವತ್ತಿನ ಆಟದ ಕಡಿತ ಅಲ್ಲಿ ನಿಜವಾದ ಸಿಟ್ಟಾಗುತ್ತದೆ. ನಿಮಗೆ ಸಾಕಲು ಆಗುವುದೇ ಇಲ್ಲ ಅನ್ನಿಸಿದರೆ ಸರಪಳಿಗಿಂತ ಬೇರೆ ಮನೆ ಒಳ್ಳೆಯದು. ಮುಧೋಳ ನಾಯಿ ಸಾಕಿ ಗೊತ್ತಿರುವ, ಜನ ವಾಸವಿರುವ ತೋಟದ ಮನೆಗೆ, ಚೀಟಿಪತ್ರದ ಜೊತೆಗೆ, ಇದ್ದದ್ದು ಇದ್ದ ಹಾಗೆ ಹೇಳಿ ಕೊಡಿ. ಹಾಗೆ ಕೊಟ್ಟವರನ್ನು ನಾನು ಯಾವತ್ತೂ ತಪ್ಪು ಅಂದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ರಾಜಾನನ್ನು "ಅದು" ಅಂತ ಶುರು ಮಾಡಿ ನಾಲ್ಕೇ ಸಾಲಿಗೆ "ಅವನು" ಅಂದಿದ್ದೀರಿ. ಆ ಹಂತ ನಿಮಗೆ ಬರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ.

ನಿಮ್ಮ ರಾತ್ರಿಯ ಫೋನಿನ ಬಗ್ಗೆಯೂ ಒಂದು ಮಾತು. ಅದನ್ನು ನಿಲ್ಲಿಸಬೇಡಿ. ಮರಿ ಸಾಕುವುದು ಒಂಟಿಯಾಗಿ ಮಾಡಿದರೆ ತುಂಬ ದಣಿಸುವ ಕೆಲಸ, ಹೇಳಿಕೊಳ್ಳಲು ಒಬ್ಬರು ಬೇಕು. ಕೇಳುವ ಪ್ರಶ್ನೆ ಮಾತ್ರ ಬದಲಿಸಿ. ಇವತ್ತು ಯಾರ ಮರಿ ಮಾತು ಕೇಳಿತು ಅನ್ನೋದು ಬೇಡ, ಯಾರ ಮರಿ ಎಷ್ಟು ತಾಸು ಮಲಗಿತು ಅಂತ ಕೇಳಿ. ಇಬ್ಬರದ್ದೂ ಲಸಿಕೆ ಮುಗಿದ ಮೇಲೆ ಒಂದು ಭಾನುವಾರ ಮೋತಿಯನ್ನು ನವನಗರಕ್ಕೆ ಕರೆಸಿ, ಇಲ್ಲವೇ ನೀವು ಜಮಖಂಡಿಗೆ ಹೋಗಿ. ಬಿಡುವ ಮೊದಲು ಇಬ್ಬರೂ ನಿದ್ದೆ ಮುಗಿಸಿರಲಿ, ಬೇಲಿ ಇರುವ ಅಂಗಳವಾಗಿರಲಿ, ಆಟಿಕೆ, ತಿನಿಸು ಏನೂ ನೆಲದ ಮೇಲೆ ಬೇಡ. ರಾಜಾ ಜೋರಾಗಿ ಕಚ್ಚುತ್ತಾನೆ, ಮೋತಿ ಕುಂಯ್ ಅಂತ ಆಟ ಬಿಟ್ಟು ನಡೆಯುತ್ತಾಳೆ. ಆಗ ನೀವಿಬ್ಬರೂ ನಡುವೆ ಹೋಗಬೇಡಿ. ಅವನು ನಿಂತು ನೋಡುವ ಆ ಎರಡು ನಿಮಿಷಕ್ಕೋಸ್ಕರವೇ ಅಷ್ಟು ದೂರ ಹೋಗಿರುತ್ತೀರಿ. ಅವಳು ಹಿಂದೆ ಬರದೆ ಮೂಲೆಯಲ್ಲೇ ಅವಿತು ಕೂತರೆ ಮಾತ್ರ ರಾಜಾನನ್ನು ಎತ್ತಿಕೊಳ್ಳಿ.

ನಾಳೆಯಿಂದ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಒಂದು ಹಾಳೆ ತೂಗುಹಾಕಿ. ಎಷ್ಟಕ್ಕೆ ಮಲಗಿದ, ಎಷ್ಟಕ್ಕೆ ಎದ್ದ, ಸಂಜೆ ಏಳಕ್ಕೆ ಏನು ಮಾಡಿದ, ಇಷ್ಟೇ ಬರೆಯಲಿ ಮಗಳು. ಎರಡು ವಾರದ ಹಾಳೆಯನ್ನು ನನಗೆ ಕಳಿಸಿ. ಮಗಳನ್ನು ಆಸ್ಪತ್ರೆಗೆ ತೋರಿಸಿದ ಮೇಲೆ ವೈದ್ಯರು ಏನಂದರು ಅನ್ನೋದನ್ನು ಮಾತ್ರ ಅಷ್ಟು ದಿನ ಕಾಯಿಸದೆ ಬರೆಯಿರಿ.